ಎರಡೂ ಬದಿಯ ವಿಭೂತಿ

ಹಳಿಯಾಳ
೨೪ ಅಕ್ಟೋಬರ್ ೨೦೨೫

ಫೋನು ಎತ್ತದ ಅಡಿವೆಯ್ಯ ಕಾಕಾ ಅವರಿಗೆ ಜ್ಯೂಲಿಯ ನಮಸ್ಕಾರ.

ನೀವು ಮುಂಡಗೋಡಕ್ಕೆ ಮಗಳ ಮನೆಗೆ ಹೋದಾಗಿನಿಂದ ನಾನು ಫೋನ್ ಮಾಡುತ್ತಲೇ ಇದ್ದೇನೆ. ಪ್ರತಿ ಸಲವೂ ಸುಮಿತಾ ಎತ್ತುತ್ತಾಳೆ. ಒಮ್ಮೆ ಅಪ್ಪ ಮಲಗಿದ್ದಾರೆ ಎನ್ನುತ್ತಾಳೆ, ಇನ್ನೊಮ್ಮೆ ಪೂಜೆಗೆ ಕೂತಿದ್ದಾರೆ ಎನ್ನುತ್ತಾಳೆ. ನೀವು ಅಷ್ಟು ಮಲಗುವವರೂ ಅಲ್ಲ, ಅಷ್ಟು ಹೊತ್ತು ಪೂಜೆಗೆ ಕೂರುವವರೂ ಅಲ್ಲ. ಪಾಪ, ಆಕೆಗೆ ಸುಳ್ಳು ಹೇಳಲು ಬರುವುದಿಲ್ಲ, ನಡುನಡುವೆ ತಡವರಿಸುತ್ತಾಳೆ. ಅವಳಿಗೆ ಇನ್ನಷ್ಟು ತೊಂದರೆ ಕೊಡುವುದು ಬೇಡವೆಂದು ಪತ್ರ ಬರೆಯಲು ಕೂತಿದ್ದೇನೆ. ಶಾಲೆಯಲ್ಲಿ ಊಟದ ಬಿಡುವು. ನನ್ನ ಮೂರನೇ ಇಯತ್ತೆಯ ಮಕ್ಕಳು ತಟ್ಟೆ ತೊಳೆಯುವ ನೆಪದಲ್ಲಿ ನಳದ ಹತ್ತಿರ ನೀರಾಟ ಆಡುತ್ತಿದ್ದಾರೆ. ಮುಂಡಗೋಡ ಬಸ್ಸಿನ ಕಂಡಕ್ಟರ್ ನಾಗಲಿಂಗಪ್ಪ ಈ ಪತ್ರವನ್ನು ನಿಮ್ಮ ಕೈಗೇ ಕೊಡುತ್ತೇನೆಂದು ಒಪ್ಪಿಕೊಂಡಿದ್ದಾರೆ. ಅವರಿಂದ ಇಸಿದುಕೊಂಡು ದಿಂಬಿನ ಕೆಳಗೆ ಇಟ್ಟುಬಿಡಬೇಡಿ.

ಮೊದಲು ನಿಮಗೆ ಬೇಕಾದ ಸುದ್ದಿ ಹೇಳಿಬಿಡುತ್ತೇನೆ. ಕ್ಯಾಪ್ಟನ್ ಜ್ಯೋತಿಬಾ ಚೆನ್ನಾಗಿದ್ದಾರೆ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕಾಲಿಗೆ ರಾಡು ಹಾಕಿದ್ದಾರೆ. ಹೊಸ ವರ್ಷಕ್ಕೆ ಕೋಲು ಹಿಡಿದು ನಡೆಯಬಹುದಂತೆ. ಅಲ್ಲಿನ ಊಟಕ್ಕೆ ಉಪ್ಪಿಲ್ಲವೆಂದು ನರ್ಸುಗಳ ಜೊತೆ ಜಗಳ ತೆಗೆಯುತ್ತಿದ್ದಾರೆಂದರೆ ಮನುಷ್ಯ ಮೊದಲಿನಂತಾಗಿದ್ದಾರೆ ಎಂದೇ ಲೆಕ್ಕ. ಒಂದೇ ಕೊರತೆ ಎಂದರೆ, ತಲೆಗೆ ಪೆಟ್ಟು ಬಿದ್ದಿದ್ದರಿಂದ ಬನ್ನಿ ಹಬ್ಬದ ಆ ಬೆಳಗು ಅವರಿಗೆ ಸ್ವಲ್ಪವೂ ನೆನಪಿಲ್ಲ. ಶೆಡ್ಡಿಗೆ ಬಂದದ್ದು, ವಿಮಾನ ಹತ್ತಿದ್ದು, ಏನೂ ನೆನಪಿಲ್ಲ. ಡಾಕ್ಟರು ಅದು ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದಿದ್ದಾರೆ.

ಆದ್ದರಿಂದ ಆ ವಿಮಾನ ಬಿದ್ದದ್ದರ ಬಗ್ಗೆ ನಿಜ ಗೊತ್ತಿರುವವರು ಈಗ ಇಬ್ಬರೇ ಉಳಿದಿದ್ದಾರೆ. ಒಬ್ಬ ಆ ವಿಮಾನದ ರಿಪೇರಿ ನೋಡಿಕೊಳ್ಳುವ ನನ್ನ ಗಂಡ ಕೆವಿನ್, ಇನ್ನೊಬ್ಬರು ಶೆಡ್ಡು ಕಾಯುವ ನೀವು. ಅವನು ಸುಳ್ಳು ಹೇಳುತ್ತಿದ್ದಾನೆ, ನೀವು ಏನನ್ನೂ ಹೇಳುತ್ತಿಲ್ಲ.

ಕಾಕಾ, ಸಿಟ್ಟು ಮಾಡಬೇಡಿ. ನಾನು ಸಿಟ್ಟಾಗಿದ್ದೇನೆ, ಅದು ಸಾಕು. ನೀವು ಹೋದ ಮೇಲೆ ಇಲ್ಲಿ ಆದದ್ದನ್ನು ಒಂದೊಂದಾಗಿ ಹೇಳುತ್ತೇನೆ.

ದಿಲ್ಲಿಯಿಂದ ತನಿಖೆಯವರು ಬಂದರು. ಅವರ ಮುಖ್ಯಸ್ಥೆ ಒಬ್ಬ ಮೇಡಂ. ಮೃದು ಮಾತು, ಆದರೆ ಕೇಳಿದ್ದನ್ನೇ ಮತ್ತೊಂದು ದಾರಿಯಿಂದ ಬಂದು ಕೇಳುತ್ತಾರೆ. ಗೋವಾಕ್ಕೆ ಹೊರಟಿದ್ದ ವಿಮಾನ ರಾಮನಗರ ದಾಟಿದ ಮೇಲೆ ಮೋಡ ಕಂಡು ಹಿಂದಿರುಗಿದ್ದು, ಸೂಪಾ ಹಿನ್ನೀರಿನ ಮೇಲೆ ಮೋಡದಿಂದ ಕೆಳಗಿಳಿಯಲು ನೋಡಿದ್ದು, ಮರದ ತುದಿಗಳಿಗೆ ತಾಗಿ ಜೋಯಿಡಾದ ಕಡೆ ಭತ್ತದ ಗದ್ದೆಗೆ ಬಿದ್ದದ್ದು ನಿಮಗೂ ಗೊತ್ತು. ಗದ್ದೆಯ ಕೆಸರೇ ಕ್ಯಾಪ್ಟನ್ನರ ಜೀವ ಉಳಿಸಿತು ಎಂದು ಎಲ್ಲರೂ ಹೇಳುತ್ತಾರೆ. ನಿಮಗೆ ಗೊತ್ತಿಲ್ಲದ ಸಂಗತಿ ಮುಂದಿದೆ. ಗೊತ್ತಿಲ್ಲ ಎಂದೇ ನಾನು ಇನ್ನೂ ನಂಬಲು ನೋಡುತ್ತಿದ್ದೇನೆ.

ಇಂಜಿನ್ನಿಗೂ ಬಾಗಿಲಿಗೂ ನಡುವೆ ಎರಡೂ ಬದಿಗೆ ಎಂಟಾಣೆಯಷ್ಟು ಅಗಲದ ಬೆಳ್ಳಿ ಬಣ್ಣದ ಬಿಲ್ಲೆ ಇದೆಯಲ್ಲ, ಅದರ ನಡುವೆ ಸಣ್ಣದೊಂದು ತೂತಿದೆ. ನಾನೂ ಅದನ್ನು ಯಾವುದೋ ಮೊಳೆ ಎಂದುಕೊಂಡಿದ್ದೆ. ಕೆವಿನ್ ನನಗೆ ಚಹಾದ ಲೋಟ ಮುಂದಿಟ್ಟುಕೊಂಡು ಬಿಡಿಸಿ ಹೇಳಿದ. ಮೇಲೆ ಹೋದಷ್ಟೂ ಹೊರಗಿನ ಗಾಳಿ ತೆಳುವಾಗುತ್ತದೆ. ಆ ತೂತಿನಿಂದ ಒಳಬಂದ ಗಾಳಿಯನ್ನು ನೋಡಿಯೇ ಎತ್ತರ ತೋರಿಸುವ ಮುಳ್ಳು ತಿರುಗುತ್ತದೆ. ತೂತು ಪೂರ್ತಿ ಮುಚ್ಚಿದ್ದರೆ ಮುಳ್ಳು ಅಲುಗುವುದೇ ಇಲ್ಲ, ಏರಿದ ಕೂಡಲೇ ಪೈಲಟ್ಟಿಗೆ ತಿಳಿದು ಇಳಿದುಬಿಡುತ್ತಾನೆ. ಅರ್ಧಮರ್ಧ ಮುಚ್ಚಿದರೆ ಅಪಾಯ ಹೆಚ್ಚು. ಗಾಳಿ ಜಿನುಗಿ ಹೋಗುತ್ತದೆ, ಮುಳ್ಳು ತಡವಾಗಿ ತಿರುಗುತ್ತದೆ. ವಿಮಾನ ಮರದ ತಲೆಗೆ ಬಂದಿದ್ದರೂ ಇನ್ನೂ ಬಹಳ ಮೇಲಿದ್ದೇವೆ ಎಂದು ತೋರಿಸುತ್ತದೆ. ಮೋಡದೊಳಗೆ ಕಣ್ಣು ಕಾಣದಿದ್ದಾಗ ಪೈಲಟ್ ಆ ಮುಳ್ಳನ್ನಲ್ಲದೆ ಇನ್ನೇನನ್ನು ನಂಬಬೇಕು?

ಆ ಎರಡೂ ತೂತುಗಳೊಳಗೆ ಬಿಳಿಯದೊಂದು ಗಟ್ಟಿಯಾಗಿ ಕೂತಿತ್ತು. ಹೊರಗಿನದೆಲ್ಲ ವಿಮಾನ ಬಿದ್ದ ದಿನ ರಾತ್ರಿಯ ಮಳೆಗೆ ತೊಳೆದು ಹೋಗಿತ್ತು, ಒಳಗಿನದು ಉಳಿದಿತ್ತು. ಹಬ್ಬಕ್ಕೆ ಎರಡು ದಿನ ಮೊದಲು ಕೆವಿನ್ ವಿಮಾನಕ್ಕೆ ಪಾಲಿಶ್ ತಿಕ್ಕಿದ್ದ. ಆ ಪಾಲಿಶ್ ಕೂಡ ಒಣಗಿದರೆ ಬಿಳಿ. ಇದನ್ನು ಪರೀಕ್ಷೆಗೆ ಕಳಿಸೋಣವೇ ಎಂದು ಅವರು ಮಾತಾಡಿಕೊಳ್ಳುತ್ತಿರುವಾಗಲೇ ಕೆವಿನ್ ಮುಂದೆ ಹೋಗಿ, ಪಾಲಿಶ್ ನಾನೇ ಒರೆಸದೆ ಬಿಟ್ಟಿರಬೇಕು ಎಂದು ಹೇಳಿಬಿಟ್ಟನಂತೆ. ತಪ್ಪು ಒಪ್ಪಿಕೊಂಡವನ ಮಾತಿಗೆ ಪರೀಕ್ಷೆ ಯಾಕೆ?

ನೀವು ಅದೇ ಸಂಜೆಯ ಬಸ್ಸಿಗೆ ಮುಂಡಗೋಡಕ್ಕೆ ಹೋದಿರಿ. ಎದೆ ಉರಿ ಎಂದು ಶೆಡ್ಡಿನ ಕೀಲಿಯನ್ನು ಕಾಶೆವ್ವ ಕಾಕಿಯ ಕೈಲಿ ಕಳಿಸಿದಿರಿ. ಕಾಕಿ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಅತ್ತರು. ಯಾಕೆ ಅಳುತ್ತಿದ್ದಾರೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಪಾಲಿಶ್ ಮಾತನ್ನು ನಾನು ಒಂದು ಗಳಿಗೆಯೂ ನಂಬಲಿಲ್ಲ. ಪಾಲಿಶ್ ಮಾಡುವ ಮೊದಲು ಕೆವಿನ್ ಆ ತೂತುಗಳ ಮೇಲೆ ಉದ್ದನೆಯ ಕೆಂಪು ರಿಬ್ಬನ್ನಿರುವ ಪಟ್ಟಿ ಅಂಟಿಸುತ್ತಾನೆ. ತೆಗೆಯದಿದ್ದರೆ ರಿಬ್ಬನ್ ಜೋತಾಡಿ ಹತ್ತು ಮಾರು ದೂರಕ್ಕೂ ಕಾಣಬೇಕು. ಆ ರಿಬ್ಬನ್ ಹೊಲಿದುಕೊಟ್ಟವಳು ನಾನೇ. ಪಾಲಿಶ್ ಆದ ದಿನ ಅವನ ಅಂಗಿ ಒಗೆಯುವಾಗ ಆ ಎರಡೂ ಪಟ್ಟಿಗಳು ಜೇಬಿನಲ್ಲಿ ಸಿಕ್ಕಿದ್ದವು. ಕಿಸೆ ಖಾಲಿ ಮಾಡದೆ ಅಂಗಿ ಬಕೆಟ್ಟಿಗೆ ಹಾಕಿದ್ದಕ್ಕೆ ನಾನು ಬೈದದ್ದೂ ನೆನಪಿದೆ. ಹಾಗಾದರೆ ತೂತಿಗೆ ಹೋದ ಪಾಲಿಶ್ ಎಲ್ಲಿಂದ ಬಂತು? ಕೇಳಿದೆ. ಮತ್ತೆ ಕೇಳಿದೆ. ನೀನು ಶಾಲೆಯ ಮಕ್ಕಳಿಗೆ ಕೇಳಿದ ಹಾಗೆ ನನಗೆ ಕೇಳಬೇಡ ಎಂದ. ಭಾನುವಾರ ಇಗರ್ಜಿಯಿಂದ ಬರುವ ದಾರಿಯಲ್ಲಿ, ಮಣ್ಣು ರಸ್ತೆಯ ನಡುವೆ ನಿಂತು ಎಲ್ಲವನ್ನೂ ಹೇಳಿದ.

ಖಂಡೆ ಪೂಜೆಯ ಸಂಜೆ ಶೆಡ್ಡನ್ನು ನೀವು ಎಷ್ಟು ಚಂದ ಮಾಡಿದ್ದಿರಿ ಎಂದು ಮೊದಲು ಹೇಳಿದ. ಕಬ್ಬು, ಚೆಂಡುಹೂವು, ಬಾಳೆಕಂಬ. ಅವನ ಪಾನಾ, ಸ್ಕ್ರೂಡ್ರೈವರ್, ಬ್ಯಾಟರಿ ಎಲ್ಲವನ್ನೂ ತೊಳೆದು ಜಮಖಾನೆಯ ಮೇಲೆ ಸಾಲಾಗಿ ಇಟ್ಟು ಅರಿಶಿನ ಕುಂಕುಮ ಹಚ್ಚಿದಿರಂತೆ. ‘ಹಾರಿಸಬಾರದು’ ಎಂದು ಬರೆದ ಕೆಂಪು ಫಲಕವನ್ನೂ ಬಿಡದೆ ಅದಕ್ಕೂ ಒಂದು ಹೂವು ಏರಿಸಿದಿರಂತೆ. ಆಮೇಲೆ ವಿಭೂತಿಯನ್ನು ನೀರಲ್ಲಿ ಕಲಸಿ, ಮೂಗಿಗೆ ಮೂರು ಬೆರಳು, ಮುಂದೆ ತಿರುಗುವ ಪಂಖಕ್ಕೆ ಮೂರು ಬೆರಳು ಎಳೆದಿರಿ. ಬದಿಯಲ್ಲಿ ಆ ಬೆಳ್ಳಿ ಬಿಲ್ಲೆ ಕಂಡಿತು. ಬೊಟ್ಟಿಡಲೆಂದೇ ಮಾಡಿಟ್ಟ ಹಾಗಿತ್ತು. ಹೆಬ್ಬೆರಳಲ್ಲಿ ಒತ್ತಿ ಹಚ್ಚಿದಿರಿ. ಒಂದು ಕಣ್ಣಿಗೆ ಮಾತ್ರ ಕಾಡಿಗೆ ಹಚ್ಚಿ ಬಿಟ್ಟ ಹಾಗಾಗಬಾರದೆಂದು ಸುತ್ತು ಹಾಕಿ ಹೋಗಿ ಆ ಬದಿಗೂ ಹಚ್ಚಿದಿರಿ.

ಒಂದು ಮುಚ್ಚಿದರೂ ಇನ್ನೊಂದು ಇರಲಿ ಎಂದೇ ಅದನ್ನು ಎರಡು ಮಾಡಿಟ್ಟಿರುತ್ತಾರಂತೆ, ಕಾಕಾ.

ಕೆವಿನ್ ನೋಡಿದ್ದಾನೆ. ನೋಡಿ, ಒರೆಸಲು ಬಟ್ಟೆ ತೆಗೆದುಕೊಂಡು ಹೋಗಿದ್ದಾನೆ. ಆಗ ನಿಮ್ಮಿಬ್ಬರ ನಡುವೆ ಆದ ಮಾತನ್ನು ಅವನು ಹೇಳಿದ ಹಾಗೆಯೇ ಬರೆಯುತ್ತೇನೆ, ತಪ್ಪಿದ್ದರೆ ನೀವು ತಿದ್ದಿ.

“ಕಾಕಾ, ಅಲ್ಲಿ ಗಾಳಿ ಹೋಗು ತೂತ ಐತ್ರಿ. ಒರಸ್ತೇನಿ,” ಎಂದನಂತೆ.

“ಪೂಜಿ ಆದಮ್ಯಾಲ ಮುಟ್ಟಬಾರದೋ ತಮ್ಮಾ. ನಾಳೆ ಬನ್ನಿ ಮುಡದು ಬಂದು ಒರಸ್ಯಂತ. ಇವತ್ತ ಒಂದಿನ ಅದು ವಿಮಾನ ಅಲ್ಲ, ದೇವರ,” ಎಂದಿರಂತೆ ನೀವು.

ಅವನು ಆಗಲಿ ಎಂದ. ವಿಮಾನದ ಒಡೆಯರಾದ ಸಾಹುಕಾರರು ಬೈದರೂ ಒಂದು ಬೋಲ್ಟು ಸಡಿಲ ಬಿಡದ ಹುಡುಗ ನಿಮ್ಮ ಮಾತಿಗೆ ಆಗಲಿ ಎಂದ. ಅದರಲ್ಲಿ ಅವನ ತಪ್ಪಿಲ್ಲವೆಂದು ನಾನು ಹೇಳುವುದಿಲ್ಲ. ಅವನ ಹೆಂಡತಿಯಾದ ಮಾತ್ರಕ್ಕೆ ಅಷ್ಟು ಕುರುಡಿಯಲ್ಲ. ಕೆಂಪು ಫಲಕವನ್ನಾದರೂ ಪಂಖಕ್ಕೆ ತೂಗುಹಾಕಬೇಕಿತ್ತು. ಅದು ಪೂಜೆಗೆ ಕೂತಿತ್ತು, ಕೈ ಹಾಕಲು ಮನಸ್ಸಾಗಲಿಲ್ಲ ಎನ್ನುತ್ತಾನೆ. ಮರುದಿನ ರಜೆ, ಯಾರೂ ಹಾರುವುದಿಲ್ಲ, ಸಂಜೆ ಬಂದು ಸ್ವಚ್ಛ ಮಾಡಿದರಾಯಿತು ಎಂದುಕೊಂಡ. ಬೆಳಿಗ್ಗೆ ನಾನು ಅವನನ್ನು ನನ್ನ ಅಣ್ಣ ಇನಾಸನ ಮಗುವಿನ ನಾಮಕರಣಕ್ಕೆ ಜೋಯಿಡಾದ ಕಾಡಿನ ಕಡೆ ಕರೆದುಕೊಂಡು ಹೋದೆ. ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಇತ್ತ ಸಾಹುಕಾರರಿಗೆ ಗೋವಾದಲ್ಲಿ ನಿಂತಿದ್ದ ಅತಿಥಿಗಳನ್ನು ತರಿಸುವ ಅವಸರ ಬಂತು. ಅವರು ಕ್ಯಾಪ್ಟನ್ನರಿಗೆ ಫೋನ್ ಮಾಡಿದರು, ನೀವು ಶೆಡ್ಡಿನ ಬಾಗಿಲು ತೆರೆದಿರಿ. ಕ್ಯಾಪ್ಟನ್ ವಿಮಾನದ ಸುತ್ತ ಒಂದು ಸುತ್ತು ಬಂದು, ವಿಭೂತಿ ನೋಡಿ, ಕೈ ಮುಗಿದು ಹತ್ತಿದರು ಎಂದು ನೀವೇ ಕೆವಿನ್‌ಗೆ ಹೇಳಿದ್ದಿರಿ. ಅವನು ಮರಳಿ ಬಂದ ಕೂಡಲೇ, ಬಿದ್ದ ಸುದ್ದಿ ಬರುವ ಮೊದಲು, ಸಂತೋಷದಿಂದ ಹೇಳಿದ್ದಿರಿ.

ಹೀಗೆ ಯಾರೂ ಕೆಟ್ಟದ್ದು ಮಾಡಲಿಲ್ಲ, ಕಾಕಾ. ನೀವು ಭಕ್ತಿಯಿಂದ ಹಚ್ಚಿದಿರಿ, ಒಬ್ಬ ಗೌರವದಿಂದ ಬಿಟ್ಟ, ಒಬ್ಬರು ಕೈ ಮುಗಿದರು. ನಾನು ನಿಮ್ಮ ದೇವರನ್ನು ದೂರುತ್ತಿಲ್ಲ. ಆ ವಿಮಾನ ಹೊಸದಾಗಿ ಬಂದಾಗ ನಮ್ಮ ಪಾದ್ರಿಗಳನ್ನು ಕರೆಸಿ ಇಂಜಿನ್ನಿನ ಮೇಲೆ ಪವಿತ್ರ ನೀರು ಚಿಮುಕಿಸಿದವನು ಕೆವಿನ್ನೇ. ಎರಡು ದಿನ ಅದು ಸ್ಟಾರ್ಟ್ ಆಗಲಿಲ್ಲವೆಂದು ನೀವು ಇಂದಿಗೂ ನಗುತ್ತೀರಿ.

ಈಗ ಕೆವಿನ್ ಯಾಕೆ ಸುಳ್ಳು ಹೇಳಿದ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ರನ್‌ವೇಯ ಮೇಲೆ ದನ ಓಡಿಸುತ್ತಿದ್ದವನನ್ನು ಸಾಹುಕಾರರ ಮುಂದೆ ನಿಲ್ಲಿಸಿ, ಇವನ ಜೊತೆ ಮಷಿನ್ನು ಮಾತಾಡುತ್ತದೆ, ಇವನನ್ನು ಓದಲು ಕಳಿಸಿ ಎಂದವರು ನೀವು. ಸಿದ್ದಿ ಹುಡುಗನ ಕೈಗೆ ವಿಮಾನ ಕೊಡುತ್ತೀರೇನು ಎಂದು ಮ್ಯಾನೇಜರ್ ನಕ್ಕಾಗ, ಊರೆಲ್ಲ ಅಯ್ಯನವರೇ ಎಂದು ಕಾಲು ಮುಟ್ಟುವ ನೀವು ಇವನ ಹೆಗಲ ಮೇಲೆ ಕೈ ಹಾಕಿಕೊಂಡು ಅಲ್ಲೇ ನಿಂತಿರಿ. ಲೈಸೆನ್ಸ್ ಬಂದ ದಿನ ಅವನ ಹಣೆಗೂ ವಿಭೂತಿ ಎಳೆದಿರಿ. ಅದನ್ನು ಒರೆಸಿಕೊಳ್ಳದೆ ಇಗರ್ಜಿಗೆ ಬಂದು ಅಲ್ಲಿ ಎಲ್ಲರ ನಗೆಗೆ ಗುರಿಯಾದ. ಮೊನ್ನೆ ರಸ್ತೆಯಲ್ಲಿ ನಾನು ಜಗಳ ತೆಗೆದಾಗ ಅವನು ಹೇಳಿದ್ದು ಇಷ್ಟೇ: “ನಂದೇನ, ಕೆಲಸ ಹೋದೀತು. ಗೊತ್ತಾದ್ರ ಕಾಕಾ ಬದುಕೂದಿಲ್ಲ.”

ಇದನ್ನು ಬರೆಯುವಾಗ ನನಗೆ ಅಳು ಬರುತ್ತಿದೆ, ಆದರೂ ಬರೆಯುತ್ತೇನೆ. ಆ ಮ್ಯಾನೇಜರ್ ಈಗ ಸಿಕ್ಕ ಸಿಕ್ಕವರಿಗೆ, ನಾನು ಮೊದಲೇ ಹೇಳಿದ್ದೆ, ಇವರ ಕೈಗೆ ಕೊಡಬಾರದು ಎಂದು ಹೇಳಿಕೊಂಡು ತಿರುಗುತ್ತಿದ್ದಾನೆ. ನಾಳೆ ನಮ್ಮ ಹುಡುಗರಲ್ಲಿ ಇನ್ನೊಬ್ಬ ಆ ಗೇಟಿನ ಮುಂದೆ ಬಂದು ನಿಂತರೆ ಕೆವಿನ್ನನ ಹೆಸರು ಹೇಳಿ ಹಿಂದೆ ಕಳಿಸುತ್ತಾರೆ. ಲೈಸೆನ್ಸ್ ಹೋದರೆ ನಾವು ಹೇಗೋ ಬದುಕುತ್ತೇವೆ, ನನ್ನ ಪಗಾರ ಇದೆ. ಮಾಡದ ತಪ್ಪನ್ನು ಹೊತ್ತುಕೊಂಡು ಅವನು ಇದೇ ಊರಿನಲ್ಲಿ ತಲೆ ತಗ್ಗಿಸಿ ತಿರುಗುವುದನ್ನು ನಾನು ಹೇಗೆ ನೋಡಲಿ?

ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಅದನ್ನು ನನಗೆ ತಿಳಿಸಿದವರು ತನಿಖೆಯ ಮೇಡಂ, ಅವರಿಗೆ ಗೊತ್ತಿಲ್ಲದೆಯೇ. ಯಾರು ಮಾಡಿದರು ಎನ್ನುವುದಕ್ಕಿಂತ ಹೇಗೆ ಆಯಿತು ಎನ್ನುವುದು ನಮಗೆ ಮುಖ್ಯ, ಇಲ್ಲಿ ತಿಳಿದದ್ದನ್ನು ಸಣ್ಣ ವಿಮಾನಗಳಿರುವ ಎಲ್ಲ ಕಡೆಗೂ ಬರೆದು ಕಳಿಸುತ್ತೇವೆ ಎಂದರಂತೆ. ಏನೆಂದು ಬರೆಯುತ್ತಾರೆ ಹೇಳಿ. ಪಾಲಿಶ್ ಬಗ್ಗೆ ಎಚ್ಚರ ಎಂದು ಬರೆಯುತ್ತಾರೆ. ಎಲ್ಲರೂ ಪಾಲಿಶ್ ಬಗ್ಗೆ ಎಚ್ಚರವಾಗಿರುತ್ತಾರೆ. ಬರುವ ವರ್ಷ ಮತ್ತೆ ಖಂಡೆ ಪೂಜೆ ಬರುತ್ತದೆ. ವಿಮಾನ ಇರುವ ಕಡೆಯಲ್ಲೆಲ್ಲ ನಿಮ್ಮಂಥ ಒಬ್ಬರು ಇದ್ದೇ ಇರುತ್ತಾರೆ, ಬೆಳ್ಳಿ ಬಿಲ್ಲೆ ಕಂಡೇ ಕಾಣುತ್ತದೆ. ನಮ್ಮ ಗದ್ದೆಯಲ್ಲಿ ಕೆಸರಿತ್ತು. ಎಲ್ಲ ಕಡೆ ಇರುತ್ತದೆಯೇ?

ಇದನ್ನು ಕೆವಿನ್‌ಗೂ ಹೇಳಿದೆ. ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಬಾಯಿ ಬಿಡುವುದಿಲ್ಲ. ಮೊದಲ ಸಲ ನನ್ನ ಗಂಡ ಗೊತ್ತಿದ್ದೂ ತಪ್ಪು ಮಾಡುತ್ತಿರುವುದನ್ನು ನೋಡುತ್ತಿದ್ದೇನೆ, ಅದೂ ನಿಮ್ಮ ಮೇಲಿನ ಪ್ರೀತಿಗೆ.

ಬರುವ ಗುರುವಾರ ಬೆಳಿಗ್ಗೆ ದಾಂಡೇಲಿಯ ಪ್ರವಾಸಿ ಮಂದಿರದಲ್ಲಿ ಅವನು ಹೇಳಿಕೆಗೆ ಸಹಿ ಹಾಕಬೇಕು. ನೀವು ಬರದಿದ್ದರೆ ನಾನೇ ಎದ್ದು ನಿಂತು ಎಲ್ಲವನ್ನೂ ಹೇಳುತ್ತೇನೆ ಎಂದು ಬರೆಯಬೇಕೆಂದು ಈ ಹಾಳೆ ತೆಗೆದುಕೊಂಡಿದ್ದೆ. ಆ ಮಾತನ್ನು ಮನಸ್ಸಿನಲ್ಲಿ ಎಷ್ಟೋ ಸಲ ಬರೆದೂ ಇದ್ದೆ. ಆಗುವುದಿಲ್ಲ ಕಾಕಾ. ಕೆವಿನ್ ನನ್ನಿಂದ ಆಣೆ ಇಡಿಸಿಕೊಂಡಿದ್ದಾನೆ. ಅದೂ ಅಲ್ಲದೆ ಆ ಸಂಜೆ ನಾನು ಅಲ್ಲಿರಲಿಲ್ಲ. ಗಂಡನನ್ನು ಉಳಿಸಿಕೊಳ್ಳಲು ಮುದುಕನ ತಲೆಗೆ ಕಟ್ಟುತ್ತಾಳೆ ಎಂದೇ ಎಲ್ಲರೂ ಹೇಳುತ್ತಾರೆ. ಹೇಳುವುದಿದ್ದರೆ ನೀವೇ ಹೇಳಬೇಕು. ಹೆಬ್ಬೆರಳು ಎಲ್ಲಿ ಒತ್ತಿದಿರಿ, ವಿಭೂತಿ ಎಷ್ಟು ಗಟ್ಟಿ ಕಲಸಿದ್ದಿರಿ, ಒರೆಸಲು ಬಂದವನಿಗೆ ಏನು ಹೇಳಿದಿರಿ, ಇಷ್ಟನ್ನೇ ಹೇಳಿ. ಜೈಲು ಗೀಲು ಎಂದು ಯಾರೋ ಹೆದರಿಸಿದ್ದರೆ ನಂಬಬೇಡಿ. ಆ ಮೇಡಂ ಅಂಥವರಲ್ಲ. ನಿಮ್ಮ ಪಕ್ಕದಲ್ಲಿ ನಾನು ಕೂತಿರುತ್ತೇನೆ.

ಕ್ಯಾಪ್ಟನ್ನರ ಮುಖ ಹೇಗೆ ನೋಡಲಿ ಎಂಬುದೇ ನಿಮ್ಮ ಅಳುಕಾಗಿದ್ದರೆ ಅದಕ್ಕೆ ಇರುವುದು ಒಂದೇ ದಾರಿ. ನೀವು ಹೋಗಿ ಅವರ ಮಂಚದ ಪಕ್ಕ ನಿಲ್ಲಬೇಕು, ಅವರು ಬೈದರೆ ಬೈಸಿಕೊಳ್ಳಬೇಕು. ಬೈಯುತ್ತಾರೆ ಎಂದು ನನಗೆ ಅನ್ನಿಸುವುದಿಲ್ಲ. ಹೋದ ವಾರ ನಾವು ನೋಡಲು ಹೋದಾಗ ಅಡಿವೆಯ್ಯ ಯಾಕೆ ಬರಲಿಲ್ಲ ಎಂದು ಅವರು ಎರಡು ಸಲ ಕೇಳಿದರು. ಕೆವಿನ್ ಕಿಟಕಿಯ ಹೊರಗೆ ನೋಡುತ್ತ ನಿಮಗೆ ಜ್ವರ ಎಂದ.

ಸುಮಿತಾಗೆ ಹೇಳಿ ನೆಟ್ಟಗೆ ಊಟ ಮಾಡಿ. ಕಾಶೆವ್ವ ಕಾಕಿ ಇಲ್ಲಿ ಒಬ್ಬರೇ ಇದ್ದಾರೆಂದು ಚಿಂತೆ ಬೇಡ. ಸಂಜೆಯ ರೊಟ್ಟಿ ನಮ್ಮ ಮನೆಯಲ್ಲೇ ಬಡಿಯುತ್ತಾರೆ, ನನ್ನ ಪಲ್ಯ ಸರಿಯಿಲ್ಲವೆಂದು ಹೆಸರಿಡುತ್ತಲೇ ಎರಡು ಸಲ ಹಾಕಿಸಿಕೊಳ್ಳುತ್ತಾರೆ. ಘಂಟೆ ಬಾರಿಸಿದರು, ಮಕ್ಕಳು ಒದ್ದೆ ಬಟ್ಟೆಯಲ್ಲೇ ಒಳಗೆ ಬರುತ್ತಿದ್ದಾರೆ. ಬುಧವಾರ ಸಂಜೆಯ ಬಸ್ಸಿಗೆ ನಾನು ಹಳಿಯಾಳ ನಿಲ್ದಾಣದಲ್ಲಿ ನಿಂತಿರುತ್ತೇನೆ.

ನಿಮ್ಮ ಮೇಲೆ ಸಿಟ್ಟನ್ನೂ ಅಕ್ಕರೆಯನ್ನೂ ಒಟ್ಟಿಗೆ ಇಟ್ಟುಕೊಂಡಿರುವ,
ಜ್ಯೂಲಿ

ತಾ.ಕ.: ಮನೆಗೆ ಬಂದು ಲಕ್ಕೋಟೆಗೆ ಅಂಟು ಹಚ್ಚುತ್ತಿರುವಾಗ ಕೆವಿನ್ ಬಂದ. ಯಾರಿಗೆ ಎಂದು ಕೇಳಿದ, ಹೇಳಿದೆ. ಓದು ಎಂದು ಮುಂದೆ ಹಿಡಿದೆ, ಓದಲಿಲ್ಲ. ಕೈಕಾಲು ತೊಳೆದುಕೊಂಡು ಬಂದ. ಆಮೇಲೆ ತನ್ನದೂ ಒಂದು ಮಾತು ಸೇರಿಸು ಎಂದ. “ಕಾಕಾಗ ಬರಬ್ಯಾಡ್ರಿ ಅಂತ ಬರಿ. ಅಲ್ಲೆ ತಾಸಗಟ್ಟಲೆ ನಿಲ್ಲಸ್ತಾರ. ಅವರಿಗೆ ಮೊಣಕಾಲ ನೋವ ಐತಿ.” ಅವನು ಹೇಳಿದ ಹಾಗೆಯೇ ಬರೆದಿದ್ದೇನೆ.